ಗಿಡದ ಹೆಸರು ಬರೆಯಿರಿ, ದುಂಬಿಯ ಹೆಸರು ನಾವು ಹುಡುಕುತ್ತೇವೆ

ಓದುಗರ ಪ್ರಶ್ನೆ – ಕೀಟ ವಿಭಾಗ

ಎಳ್ಳುಕಾಳಿನಷ್ಟು ಗಾತ್ರದ, ಬೆರಳು ಹತ್ತಿರ ಬಂದೊಡನೆ ಚಿಮ್ಮಿ ಕಣ್ಮರೆಯಾಗುವ ದುಂಬಿಗಳ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಇವುಗಳಿಗೆ ಚಿಗಟದುಂಬಿ ಎಂಬ ಹೆಸರು ರೂಢಿಯಲ್ಲಿದೆ. ನಾಯಿಯ ಮೈಮೇಲಿನ ಚಿಗಟಕ್ಕೂ ಇವುಗಳಿಗೂ ಜಿಗಿತದ ಹೋಲಿಕೆಯನ್ನು ಬಿಟ್ಟು ಬೇರಾವ ನಂಟೂ ಇಲ್ಲ. ಚಿಗಟವು ರೆಕ್ಕೆಯಿಲ್ಲದೆ ರಕ್ತ ಹೀರಿ ಬದುಕಿದರೆ, ಇವು ಎಲೆದುಂಬಿಗಳ ದೊಡ್ಡ ಕುಟುಂಬಕ್ಕೆ ಸೇರಿದ ಶುದ್ಧ ಸಸ್ಯಾಹಾರಿಗಳು. ಜಗತ್ತಿನಲ್ಲಿ ಇವುಗಳ 8000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ದುಂಬಿಯ ಬಣ್ಣವನ್ನು ಸವಿಸ್ತಾರವಾಗಿ ವರ್ಣಿಸಿ, ಅದು ಕುಳಿತಿದ್ದ ಗಿಡ ಯಾವುದೆಂದು ಹೇಳುವುದನ್ನೇ ಮರೆತಿವೆ. ಅಂತಹ ಪತ್ರಗಳಿಗೆ ಉತ್ತರ ಕೊಡುವುದು ನಮಗೆ ಸಾಧ್ಯವಾಗಿಲ್ಲ. ಗಿಡವನ್ನು ಹೆಸರಿಸಿದ ಅಥವಾ ಅದರ ಕೊಂಬೆಯನ್ನು ಕಳುಹಿಸಿದ ಐದು ಪತ್ರಗಳನ್ನೂ, ದುಂಬಿಗಳನ್ನು ಹುಡುಕುವ ಬಗೆ ಕೇಳಿದ ಒಂದು ಪತ್ರವನ್ನೂ ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮನೆಯ ಹಿತ್ತಲಿನ ಮಡಿಯಲ್ಲಿ ಮೂಲಂಗಿ ಬಿತ್ತಿದ್ದೆ. ಮೊಳಕೆ ಬಂದು ಎರಡೆಲೆ ಬಿಡುವಷ್ಟರಲ್ಲಿ ಎಲೆಯೆಲ್ಲ ಜರಡಿಯಂತಾಯಿತು. ಬೆಳಗ್ಗೆ ನೋಡಿದರೆ ಹುಳುಗಳಿರಲಿಲ್ಲ. ಮಧ್ಯಾಹ್ನ ನೋಡಿದಾಗ ಕಪ್ಪು ಚುಕ್ಕೆಗಳಂತಹವು ಟಪಟಪ ಎಂದು ಹಾರಿದವು. ಪಕ್ಕದ ಮಡಿಯ ಹುರುಳಿಕಾಯಿ ಗಿಡಕ್ಕೆ ಏನೂ ಆಗಿಲ್ಲ. ಇದು ಯಾವ ಹುಳು? – ಗೃಹಿಣಿ, ಚಿಕ್ಕಬಳ್ಳಾಪುರ

ಉತ್ತರ: ಹುರುಳಿಕಾಯಿಗೆ ಏನೂ ಆಗಿಲ್ಲ ಎಂಬ ನಿಮ್ಮ ಒಂದು ಮಾತೇ ಮುಕ್ಕಾಲು ಉತ್ತರವನ್ನು ಕೊಟ್ಟಿದೆ. ಮೂಲಂಗಿ, ಸಾಸಿವೆ, ಎಲೆಕೋಸು, ಹೂಕೋಸು, ನವಿಲುಕೋಸು ಇವೆಲ್ಲ ಒಂದೇ ಕುಟುಂಬದ ಗಿಡಗಳು. ಇವುಗಳ ಎಲೆಯನ್ನು ಕಿವುಚಿದಾಗ ಮೂಗಿಗೆ ಅಡರುವ ಸಾಸಿವೆಯ ಖಾರ ಬೇರೆ ಕೀಟಗಳನ್ನು ದೂರವಿಡುತ್ತದೆ, ಆದರೆ ಫಿಲ್ಲೋಟ್ರೆಟಾ ಎಂಬ ಕುಲದ ಚಿಗಟದುಂಬಿಗಳಿಗೆ ಅದೇ ಊಟದ ಕರೆ. ಎರಡರಿಂದ ಎರಡೂವರೆ ಮಿಲಿಮೀಟರ್ ಉದ್ದದ ಈ ದುಂಬಿಗಳಲ್ಲಿ ಕೆಲವು ಪೂರ್ತಿ ಕಪ್ಪಾಗಿದ್ದು ನೀಲಿಯ ಹೊಳಪನ್ನು ಹೊಂದಿರುತ್ತವೆ, ಕೆಲವಕ್ಕೆ ಎರಡೂ ಮೇಲ್ರೆಕ್ಕೆಗಳ ಮೇಲೆ ಅಂಕುಡೊಂಕಾದ ಒಂದೊಂದು ಹಳದಿ ಪಟ್ಟಿ ಇರುತ್ತದೆ. ಮೊದಲು ಬಂದ ಗಂಡುಗಳು ಮೇಯುತ್ತಾ ಒಂದು ಬಗೆಯ ವಾಸನೆಯನ್ನು ಹೊರಸೂಸಿ ಉಳಿದವುಗಳನ್ನೂ ಕರೆಸಿಕೊಳ್ಳುವುದರಿಂದ, ನಿನ್ನೆ ನಾಲ್ಕಾರು ಇದ್ದಲ್ಲಿ ಇಂದು ನೂರಾರು ಕಾಣಿಸಿಕೊಳ್ಳುವುದು ಸಾಮಾನ್ಯ.

ಜರಡಿಯಂತಾದ ಎಲೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಎಲ್ಲ ತೂತುಗಳೂ ಪೂರ್ತಿ ತೂತುಗಳಲ್ಲವೆಂಬುದು ಗೊತ್ತಾಗುತ್ತದೆ. ದುಂಬಿಯು ಎಲೆಯ ಒಂದು ಬದಿಯಿಂದ ಹಸಿರನ್ನು ಗುಳಿಯಾಗುವಂತೆ ಕೆರೆದು ತಿಂದು, ಇನ್ನೊಂದು ಬದಿಯ ತೆಳುಪೊರೆಯನ್ನು ಹಾಗೆಯೇ ಬಿಟ್ಟಿರುತ್ತದೆ. ಈರುಳ್ಳಿಯ ಒಳಸಿಪ್ಪೆಯಂತಹ ಆ ಪೊರೆ ಒಂದೆರಡು ದಿನಗಳಲ್ಲಿ ಒಣಗಿ ಉದುರಿದ ಮೇಲೆ ದುಂಡನೆಯ ತೂತು ಉಳಿಯುತ್ತದೆ. ಅಂಚಿನಿಂದ ಕತ್ತರಿಸಿಕೊಂಡು ಹೋಗುವ ಕಂಬಳಿಹುಳು ಈ ಬಗೆಯ ಗುರುತನ್ನು ಬಿಡುವುದಿಲ್ಲ. ಬೆಳಗಿನ ತಂಪಿನಲ್ಲಿ ಇವು ಮಣ್ಣಿನ ಹೆಂಟೆಗಳ ಸಂದಿಯಲ್ಲಿ ಅಡಗಿರುತ್ತವೆ, ಬಿಸಿಲು ಏರಿದಂತೆ ಚುರುಕಾಗುತ್ತವೆ. ನೀವು ಮಧ್ಯಾಹ್ನ ನೋಡಿದ್ದು ಒಳ್ಳೆಯದಾಯಿತು.

ಮರಿಹುಳುಗಳು ಮಣ್ಣಿನೊಳಗೆ ಬೇರನ್ನು ತಿಂದು ಬೆಳೆಯುತ್ತವೆ. ಎಲೆಕೋಸಿನಲ್ಲಿ ಇದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ, ಆದರೆ ಮೂಲಂಗಿಯಲ್ಲಿ ಬೇರೇ ಬೆಳೆಯಾದ್ದರಿಂದ ಗಡ್ಡೆಯ ಸಿಪ್ಪೆಯ ಮೇಲೆ ಕಂದುಬಣ್ಣದ ಕೆರೆತದ ಗೆರೆಗಳು ಕಾಣುತ್ತವೆ. ಸಸಿ ನಾಲ್ಕೈದು ಎಲೆ ದಾಟಿದ ಮೇಲೆ ಈ ದುಂಬಿಗಳ ಮೇವನ್ನು ತಾಳಿಕೊಳ್ಳುತ್ತದೆ. ಆದ್ದರಿಂದ ಬಿತ್ತಿದ ದಿನದಿಂದಲೇ ಮಡಿಗೆ ಸಣ್ಣ ಕಣ್ಣಿನ ಬಲೆಯನ್ನು ಅಂಚುಗಳು ಮಣ್ಣಿನಲ್ಲಿ ಹೂತುಹೋಗುವಂತೆ ಹೊದಿಸಿದರೆ ಹಿತ್ತಲಿನ ಮಟ್ಟಕ್ಕೆ ಅದು ಸಾಕು. ಕಳೆದ ಸಲ ಮೂಲಂಗಿ ಬೆಳೆದ ಮಡಿಯಲ್ಲೇ ಮತ್ತೆ ಬಿತ್ತಬೇಡಿ, ಅಲ್ಲಿನ ಮಣ್ಣಿನಿಂದಲೇ ದುಂಬಿಗಳು ಎದ್ದುಬಂದರೆ ಬಲೆಯ ಒಳಗೇ ಸಿಕ್ಕಿಕೊಂಡು ಮೇಯುತ್ತವೆ. ಬೇಲಿಯ ಬದಿಯ ನಾಯಿಸಾಸಿವೆಯಂತಹ ಕಳೆಗಳಲ್ಲಿಯೂ ಇದೇ ಜಾತಿಯ ಖಾರವಿದೆ ಎಂಬುದನ್ನು ನೆನಪಿಡಿ. ಮಡಿ ಖಾಲಿಯಿದ್ದಾಗ ಈ ಕುಲದ ದುಂಬಿಗಳಿಗೆ ಅಂತಹ ಗಿಡಗಳು ಆಸರೆಯಾಗಬಲ್ಲವು.

ಪ್ರಶ್ನೆ: ದ್ರಾಕ್ಷಿ ಚಾಟ್ನಿ (ಬಳ್ಳಿ ಸವರುವಿಕೆ) ಮಾಡಿದ ಹತ್ತು ಹನ್ನೆರಡು ದಿನಕ್ಕೆ ಕಣ್ಣು ಒಡೆಯುವಾಗ ಚಿಗಟದುಂಬಿ ಬಂದು ಮೊಗ್ಗನ್ನೇ ತಿಂದುಹಾಕುತ್ತದೆ. ನಮ್ಮಲ್ಲಿ ಎಲ್ಲರೂ ಅದನ್ನು ಚಿಗಟದುಂಬಿ ಎಂದೇ ಕರೆಯುತ್ತಾರೆ. ಆದರೆ ಮುಟ್ಟಲು ಹೋದರೆ ಅದು ಜಿಗಿಯುವುದಿಲ್ಲ, ಸತ್ತಂತೆ ಕೆಳಗೆ ಬೀಳುತ್ತದೆ. ಹಾಗಾದರೆ ಇದು ಬೇರೆ ಹುಳುವೆ? – ದ್ರಾಕ್ಷಿ ಬೆಳೆಗಾರರು, ವಿಜಯಪುರ

ಉತ್ತರ: ಬೇರೆಯೇ ಹುಳು. ನಿಮ್ಮ ಕಣ್ಣು ಪುಸ್ತಕದ ಹೆಸರಿಗಿಂತ ಸರಿಯಾಗಿದೆ. ದ್ರಾಕ್ಷಿಯ ಚಿಗಟದುಂಬಿ ಎಂದು ಕೃಷಿ ಸಾಹಿತ್ಯದಲ್ಲಿ ಬರೆಯುವ, ಮರಾಠಿಯಲ್ಲಿ ಉಡದ್ಯಾ ಎನ್ನುವ ಈ ಕೀಟದ ವೈಜ್ಞಾನಿಕ ಹೆಸರು ಸ್ಕೆಲೋಡೊಂಟಾ ಸ್ಟ್ರೈಜಿಕಾಲಿಸ್. ಇದೂ ಎಲೆದುಂಬಿಗಳ ಕುಟುಂಬದ್ದೇ ಆದರೂ ಅದರ ಮತ್ತೊಂದು ಕವಲಿಗೆ ಸೇರಿದೆ. ಕಂಚಿನ ಹೊಳಪಿನ ಮೈ, ಮೇಲ್ರೆಕ್ಕೆಗಳ ಮೇಲೆ ಒಟ್ಟು ಆರು ಕಪ್ಪು ಕಲೆಗಳು, ಸುಮಾರು ನಾಲ್ಕೂವರೆ ಮಿಲಿಮೀಟರ್ ಉದ್ದ, ಇವು ಅದರ ಗುರುತುಗಳು. ಹಿಂಗಾಲನ್ನು ನೋಡಿದರೆ ಚರ್ಚೆಯೇ ಉಳಿಯುವುದಿಲ್ಲ. ನಿಜವಾದ ಚಿಗಟದುಂಬಿಯ ಹಿಂದೊಡೆ ಮಿಡತೆಯ ತೊಡೆಯಂತೆ ಉಬ್ಬಿರುತ್ತದೆ, ಇದರದು ಉಳಿದ ಕಾಲುಗಳಂತೆಯೇ ಇರುತ್ತದೆ.

ಹೆಸರಿನ ತಪ್ಪು ಬರಿಯ ಪಂಡಿತರ ತಕರಾರಲ್ಲ. ಜಿಗಿಯುವ ಹುಳುವನ್ನು ಕೊಂಬೆ ಅಲ್ಲಾಡಿಸಿ ಹಿಡಿಯಲಾಗದು, ಬೀಳುವ ಹುಳುವನ್ನು ಹಿಡಿಯಬಹುದು. ಮುಂಜಾನೆ ಬಳ್ಳಿಯ ಕೆಳಗೆ ಬಿಳಿ ಬಟ್ಟೆಯನ್ನೋ ಅಗಲವಾದ ತಟ್ಟೆಯನ್ನೋ ಹಿಡಿದು ಕೊಂಬೆಯನ್ನು ತಟ್ಟಿದರೆ ಬಿದ್ದ ದುಂಬಿಗಳನ್ನು ಆರಿಸಿ ನಾಶಮಾಡಲು ಸಾಧ್ಯವಾಗುವುದು ಈ ಸ್ವಭಾವದಿಂದಲೇ. ಇದು ಕಾಂಡದ ಸಡಿಲ ತೊಗಟೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ, ಮರಿಗಳು ಮಣ್ಣಿಗಿಳಿದು ಬೇರು ತಿನ್ನುತ್ತವೆ. ಆದ್ದರಿಂದ ಚಾಟ್ನಿಯ ಬೆನ್ನಿಗೇ ಸಡಿಲ ತೊಗಟೆಯನ್ನು ಉಜ್ಜಿ ತೆಗೆದು ಸುಡುವ ಕೆಲಸವನ್ನು ಏಪ್ರಿಲ್ ಮತ್ತು ಅಕ್ಟೋಬರ್ ಎರಡೂ ಸಲ ಬಿಡದೆ ಮಾಡಿ. ಒಂದು ಕಣ್ಣು ಹೋದರೆ ಒಂದು ಕಡ್ಡಿಯೇ ಹೋದಂತೆ ಎಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ಸಿಂಪಡಣೆ ಅನಿವಾರ್ಯವಾದರೆ ಅದು ಕಣ್ಣು ಒಡೆಯುವ ಆ ಕೆಲವೇ ದಿನಗಳ ಮಾತು. ಔಷಧಿಯ ಆಯ್ಕೆಯನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನಿರ್ಧರಿಸಿ.

ಪ್ರಶ್ನೆ: ನಮ್ಮ ಬೆಟ್ಟದ ಉಪ್ಪಾಗೆ ಮರದ ಚಿಗುರೆಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತಹ ಒದ್ದೆ ಮುದ್ದೆಗಳು ಕಾಣಿಸಿದವು. ಕಡ್ಡಿಯಿಂದ ತಟ್ಟಿದಾಗ ಮುದ್ದೆಯೇ ನಡೆಯತೊಡಗಿತು. ಒಳಗೆ ಹುಳುವಿತ್ತು. ಮುರುಗಲ ಮರ ಪಕ್ಕದಲ್ಲೇ ಇದ್ದರೂ ಅದರಲ್ಲಿ ಕಾಣಲಿಲ್ಲ. ಏನಿದು? – ಕೃಷಿಕರು, ಸಿದ್ದಾಪುರ, ಉತ್ತರ ಕನ್ನಡ

ಉತ್ತರ: ಈ ಪತ್ರವನ್ನು ನಾವು ಎರಡು ಸಲ ಓದಿದೆವು. ನೀವು ಕಂಡಿರುವುದು ಪೊಡೊಂಟಿಯಾ ಕಾಂಗ್ರೆಗೇಟಾ ಎಂಬ ಚಿಗಟದುಂಬಿಯ ಮರಿಯಿರಬೇಕು. ಚಿಗಟದುಂಬಿ ಎಂದರೆ ಎಳ್ಳುಕಾಳು ಎಂದು ಆರಂಭದಲ್ಲಿ ಹೇಳಿದ ಮಾತಿಗೆ ಈ ಕುಲ ಒಂದು ಅಪವಾದ. ಪೊಡೊಂಟಿಯಾಗಳು ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೀರಿ ಬೆಳೆಯುವ, ಚಿಗಟದುಂಬಿಗಳ ನಡುವಿನ ದೈತ್ಯರು. ಇವುಗಳ ಮರಿಗಳಿಗೆ ಗುದದ್ವಾರ ಬೆನ್ನಿನ ಕಡೆಗೆ ತೆರೆದುಕೊಂಡಿರುತ್ತದೆ. ಹೊರಬಂದ ಹಿಕ್ಕೆ ಕೆಳಗೆ ಬೀಳದೆ ಬೆನ್ನಿನ ಮೇಲೇರಿ, ಸ್ವಲ್ಪ ಹೊತ್ತಿನಲ್ಲಿ ಮೈಯನ್ನೆಲ್ಲ ಮುಚ್ಚುವ ಹೊದಿಕೆಯಾಗುತ್ತದೆ. ಇರುವೆ, ಹಕ್ಕಿಗಳಂತಹ ಶತ್ರುಗಳಿಗೆ ಅದು ಹೇಸಿಗೆ, ಮರಿಗೆ ಅದೇ ಕಂಬಳಿಕೊಪ್ಪೆ. ಆದರೂ ಅದಕ್ಕೆ ಪೂರ್ಣ ರಕ್ಷಣೆಯಿಲ್ಲ. ಗುರಾಣಿಯಾಕಾರದ ಬೇಟೆಗಾರ ತಿಗಣೆಗಳು ಹಿಕ್ಕೆಯ ಹೊದಿಕೆಯನ್ನು ಲೆಕ್ಕಿಸದೆ ಸೂಜಿಯಂತಹ ಬಾಯನ್ನು ಚುಚ್ಚಿ ಮರಿಯನ್ನು ಹೀರುವುದುಂಟು.

ಈ ದುಂಬಿಯ ಕಥೆಯಲ್ಲಿ ನಮಗೆ ಹೆಚ್ಚು ಸೋಜಿಗವೆನಿಸುವ ಸಂಗತಿ ಬೇರೆಯಿದೆ. ದಕ್ಷಿಣ ಭಾರತದಲ್ಲಿ ಮಾತ್ರ ಸಿಗುವ ಇದಕ್ಕೆ ಬೇಲಿ ಎಂಬ ಇಂಗ್ಲಿಷ್ ಕೀಟತಜ್ಞರು ಹೆಸರಿಟ್ಟದ್ದು 1865ರಲ್ಲಿ. ಅದು ಯಾವ ಗಿಡವನ್ನು ತಿನ್ನುತ್ತದೆ, ಮರಿ ಹೇಗಿರುತ್ತದೆ ಎಂಬ ವಿವರ ಮೊದಲ ಬಾರಿಗೆ ಅಚ್ಚಾದದ್ದು 2011ರಲ್ಲಿ, ಕೀಟತಜ್ಞರಾದ ಕೆ.ಡಿ. ಪ್ರತಾಪನ್ ಮತ್ತು ಕ್ಯಾರೊಲಿನ್ ಚಾಬೂ ಅವರ ಪ್ರಬಂಧದಲ್ಲಿ. ಆ ಗಿಡ ಉಪ್ಪಾಗೆ. ಅಲ್ಲಿಯವರೆಗೆ, ಈ ದುಂಬಿಯ ಹತ್ತಿರದ ಬಳಗದಲ್ಲಿ ಉಪ್ಪಾಗೆ ಮುರುಗಲಗಳ ಕುಟುಂಬವನ್ನು ತಿನ್ನುವ ಚಿಗಟದುಂಬಿ ಇದೆಯೆಂಬುದೇ ವಿಜ್ಞಾನಕ್ಕೆ ತಿಳಿದಿರಲಿಲ್ಲ. ಸೂಜಿಗೆ ಚುಚ್ಚಿದ ಒಣದುಂಬಿಯೊಂದು ಗಿಡದ ಹೆಸರಿಲ್ಲದೆ 146 ವರ್ಷ ಕಾಯಿತು. ಮಲೆನಾಡಿನಲ್ಲಿ ಉಪ್ಪಾಗೆಯ ಸಿಪ್ಪೆ ಒಣಗಿಸುವ ಮನೆಗಳವರು ಆ ಮುದ್ದೆಗಳನ್ನು ಅದಕ್ಕೂ ಎಷ್ಟೋ ಮೊದಲೇ ಕಂಡಿದ್ದಿರಬಹುದು, ಆದರೆ ಅವರನ್ನು ಯಾರೂ ಕೇಳಿರಲಿಲ್ಲ. ಮುರುಗಲದಲ್ಲಿ ಕಾಣಲಿಲ್ಲ ಎಂಬ ನಿಮ್ಮ ಗಮನಿಕೆ ಬೆಲೆಯುಳ್ಳದ್ದು. ತಿಂಗಳು, ಸ್ಥಳ, ಮರಗಳ ಸಂಖ್ಯೆಯ ಸಹಿತ ಅದನ್ನು ಬರೆದಿಡಿ. ಮರ ದೊಡ್ಡದಾಗಿದ್ದರೆ ಯಾವ ಉಪಾಯವೂ ಬೇಡ, ಎಳೆಯ ಸಸಿಯಾಗಿದ್ದರೆ ಮುದ್ದೆಗಳನ್ನು ಎಲೆಸಹಿತ ಚಿವುಟಿ ತೆಗೆದರಾಯಿತು.

ನಿಮ್ಮ ಮನೆಯ ಹತ್ತಿರ ಅಮಟೆ ಮರವಿದ್ದರೆ ಅದನ್ನೂ ಒಮ್ಮೆ ನೋಡಿ. ಇದೇ ಕುಲದ, ಹಳದಿ ಮೈಯ ಮೇಲೆ ಹದಿನಾಲ್ಕು ಕಪ್ಪು ಚುಕ್ಕೆಗಳಿರುವ ಇನ್ನೊಂದು ದುಂಬಿ ಅಮಟೆಯ ಎಲೆಗೆ ಹೆಸರಾದದ್ದು. ಬಿಲ್ವಪತ್ರೆಯ ಮರದಲ್ಲಿ ಕ್ಲೈಟಿಯಾ ಎಂಬ ಮತ್ತೊಂದಿದೆ.

ಪ್ರಶ್ನೆ: ಕಾಳುಮೆಣಸಿನ ಗೊಂಚಲಿನಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಹಳದಿಯಾಗಿ ಆಮೇಲೆ ಕಪ್ಪಾಗುತ್ತದೆ. ಇದು ದುಂಬಿಯ ಕೆಲಸ ಎಂದು ಒಬ್ಬರು, ರೋಗ ಎಂದು ಇನ್ನೊಬ್ಬರು ಹೇಳುತ್ತಾರೆ. ತಿಳಿಯುವುದು ಹೇಗೆ? – ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಕಪ್ಪಾದ ಕಾಳನ್ನು ಎರಡು ಬೆರಳುಗಳ ನಡುವೆ ಒತ್ತಿ. ಮೊಟ್ಟೆಯ ಚಿಪ್ಪಿನಂತೆ ಪುಡಿಯಾದರೆ ಒಳಗೆ ತಿರುಳಿಲ್ಲ, ಅದು ಪೊಳ್ಳುದುಂಬಿಯ ಮರಿಯ ಕೆಲಸ. ಪುಡಿಯಾಗದೆ, ಮೇಲೆ ಕಂದು ಮಚ್ಚೆಗಳೂ ಅಡ್ಡಸೀಳುಗಳೂ ಇದ್ದರೆ ಅದು ಶಿಲೀಂಧ್ರದಿಂದ ಬರುವ ಪೊಳ್ಳುರೋಗ. ಹೆಸರು ಎರಡಕ್ಕೂ ಒಂದೇ ಆಗಿರುವುದರಿಂದ ದುಂಬಿಗೆ ಹೊಡೆಯಬೇಕಾದಲ್ಲಿ ಶಿಲೀಂಧ್ರನಾಶಕವಾದ ಬೋರ್ಡೋ ದ್ರಾವಣವನ್ನೂ, ಬೋರ್ಡೋ ಹೊಡೆಯಬೇಕಾದಲ್ಲಿ ಕೀಟನಾಶಕವನ್ನೂ ಸುರಿಯುವ ತೋಟಗಳು ಕಡಿಮೆಯಿಲ್ಲ.

ದುಂಬಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ್ದು. ತಲೆ ಮತ್ತು ಎದೆ ಹಳದಿಮಿಶ್ರಿತ ಕಂದು, ಮೇಲ್ರೆಕ್ಕೆ ಕಪ್ಪು. ಎಳೆಯ ಎಲೆಗಳ ಅಡಿಯಲ್ಲಿ, ನೆರಳು ದಟ್ಟವಾಗಿರುವ ಕಡೆ ಹುಡುಕಬೇಕು. ಎಳೆಗಾಯಿಯ ಮೇಲೆ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿ ಕಾಳನ್ನು ಕೊರೆದು ಒಳಹೊಕ್ಕು, ಒಂದನ್ನು ಮುಗಿಸಿ ಪಕ್ಕದ ಇನ್ನೊಂದಕ್ಕೆ ದಾಟಿ, ಬೆಳೆದ ಮೇಲೆ ಮಣ್ಣಿಗೆ ಬಿದ್ದು ಕೋಶವಾಗುತ್ತದೆ. ಮುಂಗಾರಿನ ಮೊದಲು ಮರಗಸಿ (ನೆರಳುಮರಗಳ ಕೊಂಬೆ ಸವರುವಿಕೆ) ಮಾಡಿ ಬೆಳಕು ಬೀಳುವಂತೆ ನೋಡಿಕೊಂಡ ತೋಟದಲ್ಲಿ ಇದರ ಹಾವಳಿ ಕಡಿಮೆ. ಹಳೆಯ ಕೃಷಿ ಪುಸ್ತಕಗಳು ಇದನ್ನು ಲಾಂಗಿಟಾರ್ಸಸ್ ನೈಗ್ರಿಪೆನ್ನಿಸ್ ಎಂದು ಕರೆಯುತ್ತವೆ. ಅದು ತಪ್ಪು ಗುರುತೆಂದು ತಿಳಿದ ಮೇಲೆ ಪ್ರತಾಪನ್ ಮತ್ತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಿ.ಎ. ವಿರಕ್ತಮಠ ಅವರು ಕೊಟ್ಟ ಲಂಕಾ ರಾಮಕೃಷ್ಣೈ ಎಂಬ ಹೆಸರು ಬಳಕೆಗೆ ಬಂದಿದೆ. ನಿಮ್ಮ ಕೈಯಲ್ಲಿರುವ ಪುಸ್ತಕದ ಹೆಸರು ಬೇರೆಯಿದ್ದರೆ ಗಾಬರಿಯಾಗಬೇಡಿ, ಹುಳು ಅದೇ.

ಪ್ರಶ್ನೆ: ಗದ್ದೆಯ ಬದುವಿನ ಗಿಡಗಳ ಮೇಲೆ ನೀಲಿ ಉಕ್ಕಿನಂತೆ ಹೊಳೆಯುವ ದುಂಬಿಗಳು ರಾಶಿ ರಾಶಿಯಾಗಿವೆ. ಭತ್ತಕ್ಕೆ ಇಳಿಯುವ ಮೊದಲೇ ಔಷಧಿ ಹೊಡೆಯಬೇಕೆ? – ರೈತರು, ಮಂಡ್ಯ

ಉತ್ತರ: ಬೇಡ. ನೀವು ಕಳುಹಿಸಿದ ಕೊಂಬೆಯಲ್ಲಿ ನಾಲ್ಕು ಎಸಳಿನ ಹಳದಿ ಹೂವೂ ಲವಂಗದ ಆಕಾರದ ಕಾಯಿಯೂ ಇವೆ. ಅದು ಲುಡ್ವಿಜಿಯಾ ಎಂಬ ಗದ್ದೆಯ ಕಳೆ. ಅದರ ಮೇಲಿನ ನೀಲಿದುಂಬಿ ಆಲ್ಟಿಕಾ ಕುಲದ್ದು. ಇದು ತನ್ನ ಮರಿಗಳ ಸಮೇತ ಆ ಕಳೆಯ ಎಲೆಯನ್ನು ನರಗಳಷ್ಟೇ ಉಳಿಯುವಂತೆ ಮೇಯುತ್ತದೆ. ಭತ್ತ ಇದರ ಊಟವಲ್ಲ. ಕೂಲಿ ಕೇಳದೆ ಕಳೆ ಕೀಳುವವರನ್ನು ಹೊಡೆದೋಡಿಸುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಪ್ರಶ್ನೆ: ನಾನು ಪದವಿ ತರಗತಿಯ ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ. ಚಿಗಟದುಂಬಿಗಳನ್ನು ಕಿರುಯೋಜನೆಗೆ ಆರಿಸಿಕೊಂಡಿದ್ದೇನೆ. ಮಸೂರವೊಂದು ಇದೆ, ಸೂಕ್ಷ್ಮದರ್ಶಕವಿಲ್ಲ. ಎಲ್ಲಿ ಹುಡುಕಬೇಕು, ಎಷ್ಟರಮಟ್ಟಿಗೆ ಗುರುತಿಸಬಹುದು? – ಬೆಳಗಾವಿ

ಉತ್ತರ: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಿಂದ ಕುಲದವರೆಗೆ ಹಲವನ್ನು ಗುರುತಿಸಬಹುದು. ಪ್ರಭೇದದ ತೀರ್ಮಾನಕ್ಕೆ ಬಹುಪಾಲು ಸಂದರ್ಭಗಳಲ್ಲಿ ಜನನಾಂಗವನ್ನು ಬಿಡಿಸಿ ನೋಡಬೇಕಾಗುತ್ತದೆ, ಆ ಆಸೆಯನ್ನು ಸದ್ಯಕ್ಕೆ ಬಿಡಿ. ಮೊದಲು ಹಿಂದೊಡೆ ಉಬ್ಬಿದೆಯೇ, ಕುಡಿಮೀಸೆಗಳ ಬುಡಗಳು ಕಣ್ಣುಗಳ ನಡುವೆ ಒಂದಕ್ಕೊಂದು ಹತ್ತಿರವಾಗಿವೆಯೇ ಎಂದು ನೋಡಿ. ಉಬ್ಬಿದ ತೊಡೆಯೊಳಗೆ ಸುರುಳಿಯಾಕಾರದ ಗಟ್ಟಿ ಸ್ಪ್ರಿಂಗ್ ಒಂದಿದೆ. ಸ್ನಾಯು ಅದನ್ನು ಬಿಗಿದಿಟ್ಟು ಒಮ್ಮೆಗೇ ಬಿಟ್ಟಾಗ ದುಂಬಿ ಚಿಮ್ಮುತ್ತದೆ. ಭಾರತದ ಚಿಗಟದುಂಬಿಗಳ ಬಗ್ಗೆ 1926ರಲ್ಲಿ ದೊಡ್ಡ ಸಂಪುಟವನ್ನು ಪ್ರಕಟಿಸಿದ ಸಮರೇಂದ್ರ ಮೌಲಿಕ್ ಅವರು 1929ರಲ್ಲಿ ಈ ಅಂಗವನ್ನು ವಿವರಿಸಿದ್ದರಿಂದ ಅದಕ್ಕೆ ಮೌಲಿಕ್ ಅಂಗವೆಂಬ ಹೆಸರೂ ಇದೆ.

ನಂತರ ಹಿಂಗಾಲಿನ ಪಾದಕ್ಕೆ ಬನ್ನಿ. ಪಾದದ ಮೊದಲ ಗೆಣ್ಣು ಕಣಕಾಲಿನ ಅರ್ಧಕ್ಕಿಂತ ಉದ್ದವಾಗಿದ್ದರೆ ಅದು ಬಹುಶಃ ಲಾಂಗಿಟಾರ್ಸಸ್, ಆ ಹೆಸರಿನ ಅರ್ಥವೇ ನೀಳಪಾದ. ಪಾದವು ಕಣಕಾಲಿನ ತುದಿಗೆ ಬದಲಾಗಿ ತುದಿಗಿಂತ ಮೇಲೆ ಪಕ್ಕದಿಂದ ಹೊರಟಿದ್ದು, ಕುಡಿಮೀಸೆಯಲ್ಲಿ ಹನ್ನೊಂದರ ಬದಲು ಹತ್ತೇ ಗೆಣ್ಣುಗಳಿದ್ದರೆ ಅದು ಸಿಲ್ಲಿಯೋಡಿಸ್. ಬದನೆ ಗಿಡದಲ್ಲಿ ಸಿಗುವುದು ಇದು. ನಡುಗಾಲು ಹಿಂಗಾಲುಗಳ ಕಣಕಾಲಿನ ಹೊರ ಅಂಚಿನಲ್ಲಿ ಕಚ್ಚು ಮಾಡಿದಂತಹ ತಗ್ಗು ಇದ್ದರೆ ಕೀಟೋಕ್ನೀಮಾ, ಅದನ್ನು ಹುಲ್ಲು ಮತ್ತು ಧಾನ್ಯದ ಹೊಲಗಳಲ್ಲಿ ಹುಡುಕಿ. ಬೆಂಡೆ, ದಾಸವಾಳಗಳ ಎಲೆಯ ಮೇಲೆ ಕೆಂಪು ತಲೆ, ನೀಲಿಹಸಿರು ಬೆನ್ನಿನ ಪೊಡಾಗ್ರಿಕಾ ಅಥವಾ ಅದರ ದಾಯಾದಿ ನಿಸೋಟ್ರಾ ಸಿಗಬಹುದು. ಜೋಳದ ಮೇಲೆ ಬಿಳಿಚುಕ್ಕೆಯ ಮೊನೊಲೆಪ್ಟಾ ಕಂಡರೆ ಮೋಸಹೋಗಬೇಡಿ, ಅದರ ತೊಡೆ ಉಬ್ಬಿಲ್ಲ.

ನಿಮ್ಮ ಊರಿಗೇ ಸೇರಿದ ಒಂದು ದುಂಬಿಯೂ ಇದೆ. ಮಾರ್ಟಿನ್ ಜಾಕೋಬಿ ಹೆಸರಿಟ್ಟ ಲಾಂಗಿಟಾರ್ಸಸ್ ಬೆಲ್ಗಾಮೆನ್ಸಿಸ್ ಅದು. ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಅಪ್ಸೆಣಬಿನ ಎಲೆಯ ಮೇಲೆ ಹುಡುಕಿ. ಬೆಳಗಾವಿಯ ಹೆಸರು ಹೊತ್ತ ಹುಳುವನ್ನು ಬೆಳಗಾವಿಯಲ್ಲೇ ಹಿಡಿದ ಸಂತೋಷ ನಿಮ್ಮದಾಗಲಿ.

ಬೆಳೆಯ ಹೊರಗೂ ನೋಡಿ. ಸಹ್ಯಾದ್ರಿಯ ಎತ್ತರದ ಕಾಡುಗಳಲ್ಲಿ ಬಂಡೆ ಮತ್ತು ಮರದ ಕಾಂಡವನ್ನು ಹೊದ್ದ ಪಾಚಿಯ ದಿಂಬಿನೊಳಗೆ ಬದುಕುವ, ಹಾರುವ ರೆಕ್ಕೆಯನ್ನೇ ಕಳೆದುಕೊಂಡ ದುಂಡುಮೈಯ ಚಿಗಟದುಂಬಿಗಳಿವೆ. ಕೆರೆಯಂಚಿನ ಲಿಮ್ನೋಫಿಲಾ ಗಿಡದ ಕಾಂಡದಲ್ಲಿರುವ ಗಾಳಿಗೂಡುಗಳೊಳಗೆ ಕೋಶವಾಗುವ ಲಾಂಗಿಟಾರ್ಸಸ್ ಒಂದನ್ನು ಪ್ರತಾಪನ್ ಮತ್ತು ವಿರಕ್ತಮಠ 2011ರಲ್ಲಿ ಹೆಸರಿಸಿದರು. ಮಣ್ಣಿನಲ್ಲಿ ಕೋಶವಾಗುವ ಬಳಗದಲ್ಲಿ ನೀರಿನಲ್ಲಿ ನಿಂತ ಗಿಡವನ್ನು ನೆಚ್ಚಿದ್ದಕ್ಕೆ ಅದು ಕಂಡುಕೊಂಡ ದಾರಿ ಅದು.

ಹಿಡಿಯುವಾಗ ಬೆರಳು ಬಳಸಬೇಡಿ. ಅಗಲ ಬಾಯಿಯ ಸಣ್ಣ ಸೀಸೆಯನ್ನು ಎಲೆಯ ಕೆಳಗೆ ಹಿಡಿದು ಮೇಲಿನಿಂದ ಮುಚ್ಚಳವನ್ನು ತಂದರೆ ದುಂಬಿ ತಾನಾಗಿ ಒಳಕ್ಕೆ ಜಿಗಿಯುತ್ತದೆ. ಎಲೆಯ ಮೇಲೆ ಕುಳಿತ ಮಾತ್ರಕ್ಕೆ ಅದು ಆ ಗಿಡವನ್ನು ತಿನ್ನುತ್ತದೆಂದು ಬರೆಯಬೇಡಿ, ಗಾಳಿಗೆ ಬಂದು ಕುಳಿತಿರಲೂಬಹುದು. ಅದೇ ಗಿಡದ ತೂತಿಲ್ಲದ ಎಲೆಯೊಂದನ್ನು ಸೀಸೆಗೆ ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಎಲೆಯಲ್ಲಿ ಹೊಸ ಗುಳಿಯೂ ಸೀಸೆಯ ತಳದಲ್ಲಿ ಕಪ್ಪು ಹಿಕ್ಕೆಯೂ ಕಂಡರೆ ಆಗ ಬರೆಯಿರಿ. ದುಂಬಿಯನ್ನು ಶೇಕಡಾ 70ರ ಆಲ್ಕೋಹಾಲಿನಲ್ಲಿ ಹಾಕಿ, ದಿನಾಂಕ, ಊರು, ಗಿಡದ ಹೆಸರು ಇವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಸೀಸೆಯ ಒಳಗೇ ಇಡಿ. ಶಾಯಿಯಲ್ಲಿ ಬರೆದರೆ ಆಲ್ಕೋಹಾಲು ಅದನ್ನು ತೊಳೆದುಬಿಡುತ್ತದೆ. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಹೂವು ಕಾಯಿಗಳಿರುವ ಕೊಂಬೆಯನ್ನು ರದ್ದಿ ಕಾಗದದ ನಡುವೆ ಒಣಗಿಸಿ, ಸೀಸೆಗೂ ಕೊಂಬೆಗೂ ಒಂದೇ ಸಂಖ್ಯೆ ಹಾಕಿ.